ಮೀಟರ್ ಫುಲ್, ದನಿ ಮಾತ್ರ ಸೊರಗಿದೆ: ಮೀಡಿಯಂ ವೇವ್ ಆಂಟೆನಾದ ದೋಷ ಹುಡುಕುವ ಬಗೆ

ಮೇ ತಿಂಗಳು ಬಂತೆಂದರೆ ನಮ್ಮ ಕಲಬುರಗಿ ಕಡೆ ಒಂದು ದೂರು ತಪ್ಪದೆ ಬರುತ್ತಿತ್ತು. "ಸಾಹೇಬ್ರ, ರೇಡಿಯೋ ಸಣ್ಣಗ ಕೇಳ್ಲತ್ತದ. ಸೆಲ್ ಹೊಸಾವೇ ಹಾಕೀನ್ರಿ." ಫೋನಿಟ್ಟು ಟ್ರಾನ್ಸ್‌ಮಿಟರ್ ಮುಂದೆ ಹೋಗಿ ನಿಂತರೆ ಪವರ್ ಮೀಟರಿನ ಮುಳ್ಳು ಇರಬೇಕಾದ ಕಡೆಯೇ ಇರುತ್ತಿತ್ತು. ಆಂಟೆನಾದಿಂದ ವಾಪಸು ಬರುವ ಪವರ್ ಇಲ್ಲವೇ ಇಲ್ಲ ಅನ್ನುವಷ್ಟು. ಅಲಾರಂ ಯಾವುದೂ ಇಲ್ಲ. ಆಗ ಬಾಯಿಗೆ ಬರುವ ಮಾತು ಒಂದೇ: "ನಮ್ಮ ಕಡೆ ಎಲ್ಲಾ ಸರಿ ಇದೆ, ನಿಮ್ಮ ಸೆಟ್ ತೋರಿಸ್ಕೊಳ್ಳಿ." ಮೊದಮೊದಲು ನಾನೂ ಹಾಗೇ ಹೇಳಿದೆ. ಅದು ತಪ್ಪು ಅಂತ ಗೊತ್ತಾಗಿದ್ದು ಎರೆ ಹೊಲಗಳ ನಡುವೆ ನಿಂತಿದ್ದ ಒಂದು ಮಾಸ್ಟಿನ, ಅಂದರೆ ಪ್ರಸಾರದ ಎತ್ತರದ ಉಕ್ಕಿನ ಕಂಬದ, ಬುಡದಲ್ಲಿ.

ಮೀಡಿಯಂ ವೇವ್ ರೇಡಿಯೋ ಸ್ಟೇಷನ್‌ನ ಕೆಲಸಕ್ಕೆ ಹೊಸದಾಗಿ ಬಂದ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಟ್ರಾನ್ಸ್‌ಮಿಟರ್ ಬಗ್ಗೆ ಕಂಪನಿಯ ಪುಸ್ತಕ ಇರುತ್ತದೆ. ಆಂಟೆನಾಗೆ, ಅದರಲ್ಲೂ ಅದರ ಕೆಳಗಿನ ನೆಲಕ್ಕೆ, ಅಂಥ ಪುಸ್ತಕ ಇರುವುದಿಲ್ಲ. ಆ ನೆಲ ಇರುವ ಊರಿನಲ್ಲೇ ಅದನ್ನು ಕಲಿಯಬೇಕು.

ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಎಫ್ಎಂನಲ್ಲಿ ಟವರ್ ಬರೀ ಕಂಬ, ಆಂಟೆನಾ ಅದರ ಮೇಲೆ ಕೂತಿರುತ್ತದೆ. ಮೀಡಿಯಂ ವೇವ್‌ನಲ್ಲಿ ಟವರೇ ಆಂಟೆನಾ. ಇಡೀ ಉಕ್ಕಿನ ಮಾಸ್ಟು ಒಂದು ಪಿಂಗಾಣಿ ಇನ್ಸುಲೇಟರ್ ಮೇಲೆ ನಿಂತಿರುತ್ತದೆ, ಅದರ ತುಂಬ ಕರೆಂಟ್ ಹರಿಯುತ್ತದೆ. ಲೆಕ್ಕಕ್ಕೆ ಸುಲಭ ಆಗಲಿ ಅಂತ 1000 ಕಿಲೋಹರ್ಟ್ಜ್ ತೆಗೆದುಕೊಳ್ಳೋಣ. ತರಂಗದ ಉದ್ದ 300 ಮೀಟರ್, ಅದರ ಕಾಲು ಭಾಗ 75 ಮೀಟರ್. ಮಾಸ್ಟಿನ ಎತ್ತರ ಅಷ್ಟು. ಇದು ಅರ್ಧ ಆಂಟೆನಾ ಮಾತ್ರ. ಉಳಿದರ್ಧ ನೆಲ. ಮಾಸ್ಟಿನಲ್ಲಿ ಮೇಲಕ್ಕೆ ಹೋದ ಕರೆಂಟು ಸುತ್ತಲಿನ ನೆಲಕ್ಕೆ ಇಳಿದು ಮತ್ತೆ ಬುಡಕ್ಕೇ ಬಂದು ಸೇರಬೇಕು. ಮಣ್ಣು ಒಳ್ಳೆಯ ವಾಹಕ ಅಲ್ಲ. ಅದಕ್ಕೇ ಮಾಸ್ಟಿನ ಬುಡದಿಂದ ಬಂಡಿ ಗಾಲಿಯ ಅರಗಳ ಹಾಗೆ ತಾಮ್ರದ ತಂತಿಗಳನ್ನು ನೆಲದಲ್ಲಿ ಹೂಳಿರುತ್ತಾರೆ. ಇವೇ ರೇಡಿಯಲ್‌ಗಳು. ಎಲ್ಲಾ ಸೇರಿ ಅರ್ಥ್ ಮ್ಯಾಟ್. ಸಾಮಾನ್ಯವಾಗಿ 120 ತಂತಿ, ಮೂರು ಡಿಗ್ರಿಗೆ ಒಂದರಂತೆ. ಅಮೆರಿಕದಲ್ಲಿ ಬ್ರೌನ್, ಲೂಯಿಸ್, ಎಪ್‌ಸ್ಟೈನ್ ಅನ್ನುವ ಮೂವರು ಹೊಲದಲ್ಲಿ ತಂತಿ ಹೂತು ಅಳತೆ ಮಾಡಿ 1937ರಲ್ಲಿ ಬರೆದ ಲೇಖನದಿಂದ ಈ ಪದ್ಧತಿ ಗಟ್ಟಿಯಾಯಿತು. ಅವರು 113 ತಂತಿಯವರೆಗೆ ಹಾಕಿ ನೋಡಿದ್ದರು.

ಬುಡದ ಹತ್ತಿರ ಹೋಗುವ ಮುಂಚೆ

ಪವರ್ ಇರುವಾಗ ಮಾಸ್ಟಿನ ಬೇಲಿ ದಾಟಬೇಡಿ. ಹತ್ತು ಕಿಲೋವ್ಯಾಟ್ ಸ್ಟೇಷನ್‌ನಲ್ಲಿ ಕಾಲು ತರಂಗದ ಮಾಸ್ಟಿನ ಬುಡದಲ್ಲಿ ಸಾವಿರದ ಆಸುಪಾಸು ವೋಲ್ಟೇಜ್ ಇರುತ್ತದೆ. ಮಾಡ್ಯುಲೇಷನ್ (ಕ್ಯಾರಿಯರ್ ಅನ್ನುವ ಮೂಲ ತರಂಗದ ಮೇಲೆ ದನಿಯನ್ನು ಹೇರುವುದು) ನೂರಕ್ಕೆ ನೂರು ಆದಾಗ ಅದರ ತುದಿ ಇನ್ನೂ ಎರಡು ಪಟ್ಟು ಏರುತ್ತದೆ. ರೇಡಿಯೋ ಕರೆಂಟು ಸುಟ್ಟ ಗಾಯ ಮೇಲೆ ಸಣ್ಣ ಬಿಳಿ ಚುಕ್ಕೆಯ ಹಾಗೆ ಕಾಣುತ್ತದೆ, ಒಳಗೆ ಆಳಕ್ಕೆ ಇಳಿದಿರುತ್ತದೆ. ಇಂಟರ್‌ಲಾಕ್ ಕೀಲಿ (ಅದನ್ನು ತೆಗೆದರೆ ಟ್ರಾನ್ಸ್‌ಮಿಟರ್ ಆನ್ ಆಗುವುದಿಲ್ಲ) ನಿಮ್ಮ ಜೇಬಿನಲ್ಲಿ ಇರಬೇಕು, ಬೇರೆಯವರ ಟೇಬಲ್ ಮೇಲಲ್ಲ. ಟ್ರಾನ್ಸ್‌ಮಿಟರ್ ಆಫ್ ಆದ ಮೇಲೂ ಅರ್ಥಿಂಗ್ ರಾಡ್‌ನ ಕೊಕ್ಕೆಯನ್ನು ಮಾಸ್ಟಿಗೆ ಹಾಕಿಯೇ ಕೈ ಇಡಿ. ಬಿಸಿಗಾಳಿಗೆ, ದೂರದ ಗುಡುಗು ಮೋಡಕ್ಕೆ ಕೂಡ ಆಫ್ ಆಗಿರುವ ಮಾಸ್ಟು ಚಾರ್ಜ್ ಆಗುತ್ತದೆ. ಮೋಡ ಕಂಡರೆ ಕೆಲಸ ನಿಲ್ಲಿಸಿ. ನಾಳೆ ಮಾಡಿದರೂ ನಡೆಯುತ್ತದೆ.

ದೂರನ್ನು ಬಿಡಿಸಿ ಕೇಳಿ

ಉಪಕರಣ ಹಿಡಿಯುವ ಮುಂಚೆ ಫೋನ್ ಮಾಡಿದವರನ್ನು ನಾಲ್ಕು ಪ್ರಶ್ನೆ ಕೇಳಿ. ಹಗಲೋ ರಾತ್ರಿಯೋ? ಒಂದೇ ಊರೋ, ಎಲ್ಲಾ ಕಡೆಯೋ? ದಿಢೀರನೆ ಆಯಿತೋ, ನಿಧಾನಕ್ಕೋ? ಹೋದ ವರ್ಷವೂ ಇದೇ ಹೊತ್ತಿಗೆ ಹೀಗಾಗಿತ್ತೋ?

ರಾತ್ರಿ ಮಾತ್ರ ತೊಂದರೆ ಅಂದರೆ ಮಾಸ್ಟಿಗೆ ಕೈ ಹಾಕಬೇಡಿ. ಹಗಲಿನಲ್ಲಿ ವಾತಾವರಣದ ಮೇಲಿನ ಡಿ ಪದರ ಮೀಡಿಯಂ ವೇವ್ ಅನ್ನು ಹೀರಿಕೊಳ್ಳುತ್ತದೆ. ಕತ್ತಲಾದ ಮೇಲೆ ಆ ಪದರ ಕರಗುತ್ತದೆ. ಆಗ ತರಂಗ ಮೇಲಿನ ಪದರಗಳಿಗೆ ಬಡಿದು ನೂರಾರು ಕಿಲೋಮೀಟರ್ ದೂರ ಬಂದು ಬೀಳುತ್ತದೆ. ಅದೇ ಚಾನೆಲ್‌ನ ದೂರದ ಸ್ಟೇಷನ್ ಬಂದು ಕೂರುತ್ತದೆ. ನಮ್ಮದೇ ನೆಲದ ತರಂಗ, ನಮ್ಮದೇ ಆಕಾಶದ ತರಂಗ ಎರಡೂ ಒಂದಕ್ಕೊಂದು ಸೇರಿ ದನಿ ಏರುತ್ತದೆ, ಇಳಿಯುತ್ತದೆ, ಒಡೆಯುತ್ತದೆ. ಇದು ದೋಷ ಅಲ್ಲ. ಇದನ್ನು ತಗ್ಗಿಸಲೆಂದೇ ಕೆಲವು ಕಡೆ ಅರ್ಧ ತರಂಗಕ್ಕಿಂತ ಸ್ವಲ್ಪ ಜಾಸ್ತಿ ಎತ್ತರದ ಮಾಸ್ಟು ಕಟ್ಟುತ್ತಾರೆ. ಅದು ಮೇಲಕ್ಕೆ ಹೋಗುವ ತರಂಗವನ್ನು ಕಡಿಮೆ ಮಾಡಿ ನೆಲದ ಕಡೆಗೆ ಒತ್ತುತ್ತದೆ.

ಒಂದೇ ಊರಿನ ದೂರಾದರೆ ಆ ಊರಿಗೇ ಹೋಗಿ. ಕೈಯಲ್ಲಿ ಬ್ಯಾಟರಿ ರೇಡಿಯೋ ಇರಲಿ. ಎಲ್‌ಇಡಿ ಬಲ್ಬು, ಸೋಲಾರ್ ಇನ್ವರ್ಟರ್, ಅಗ್ಗದ ಚಾರ್ಜರ್ ಇವೆಲ್ಲ ಮೀಡಿಯಂ ವೇವ್‌ನಲ್ಲಿ ಗುಂಯ್ ಅನ್ನುತ್ತವೆ. ಮನೆಯ ಮೇನ್ ಸ್ವಿಚ್ ತೆಗೆಸಿ ಕೇಳಿ. ದನಿ ತಿಳಿಯಾದರೆ ತಪ್ಪು ನಮ್ಮದಲ್ಲ. ಆದರೆ ಆ ದಿಕ್ಕಿನ ಎಲ್ಲಾ ಊರುಗಳಲ್ಲೂ ಕಡಿಮೆ ಕೇಳುತ್ತಿದ್ದರೆ, ಉದಾಹರಣೆಗೆ ಸೇಡಂ ಕಡೆ ಕಡಿಮೆ, ಆಳಂದ ಕಡೆ ಮೊದಲಿನ ಹಾಗೇ, ಆಗ ಮಾಸ್ಟಿನ ಹತ್ತಿರ ಹೊಸದಾಗಿ ಏನು ಎದ್ದಿದೆ ನೋಡಿ. ಎತ್ತರದ ಚಿಮಣಿ, ಮೊಬೈಲ್ ಟವರ್, ಹೈಟೆನ್ಷನ್ ಲೈನು. ಹೈಟೆನ್ಷನ್ ಕಂಬಗಳ ತುದಿಯಲ್ಲಿ ಹೋಗುವ ಅರ್ಥ್ ತಂತಿ, ಎರಡು ಕಂಬ, ಕೆಳಗಿನ ನೆಲ ಸೇರಿ ಒಂದು ದೊಡ್ಡ ಕುಣಿಕೆ ಆಗುತ್ತದೆ. ಅದು ನಮ್ಮ ಸಿಗ್ನಲ್ ಹಿಡಿದು ಮತ್ತೆ ಬಿಡುತ್ತದೆ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಆಗುವುದು ಹೀಗೆ.

ದಿಢೀರನೆ ಆದದ್ದು, ಜೊತೆಗೆ ಟ್ರಾನ್ಸ್‌ಮಿಟರ್ ಟ್ರಿಪ್ ಆಗುತ್ತಿದೆ ಅಂದರೆ ಸ್ಪಾರ್ಕ್ ಗ್ಯಾಪ್ (ಸಿಡಿಲು ನೆಲಕ್ಕೆ ಹಾರಲೆಂದು ಮಾಸ್ಟಿನ ಬುಡದಲ್ಲಿ ಇಟ್ಟ ಎರಡು ಗುಂಡುಗಳ ನಡುವಿನ ಸಂದು), ಇನ್ಸುಲೇಟರ್, ಕೆಪಾಸಿಟರ್ ಇವುಗಳಲ್ಲಿ ಒಂದು. ಅದು ಕಷ್ಟದ ದೋಷ ಅಲ್ಲ, ತಾನೇ ಸದ್ದು ಮಾಡಿ ಕರೆಯುತ್ತದೆ. ಕಷ್ಟ ಇರುವುದು ಸದ್ದಿಲ್ಲದೆ ವರ್ಷವರ್ಷ ಬೆಳೆಯುವ ದೋಷದಲ್ಲಿ. ನಿಧಾನಕ್ಕೆ, ಎಲ್ಲಾ ಕಡೆ, ಬೇಸಿಗೆಯಲ್ಲಿ ಜಾಸ್ತಿ. ಇದು ನೆಲದ ಲಕ್ಷಣ.

ಮೂರು ಅಳತೆ, ಒಂದು ಲೆಕ್ಕ

ಮಾಸ್ಟಿನ ಬುಡದ ಕರೆಂಟು ಎಷ್ಟು ಆಂಪಿಯರ್, ಬುಡದ ಇಂಪೀಡೆನ್ಸ್ (ಕರೆಂಟಿಗೆ ಒಟ್ಟು ತಡೆ; ಅದರಲ್ಲಿ ಪವರ್ ನುಂಗುವ ಭಾಗ ರೆಸಿಸ್ಟೆನ್ಸ್, ನುಂಗದೆ ವಾಪಸು ಕೊಡುವ ಭಾಗ ರಿಯಾಕ್ಟೆನ್ಸ್) ಎಷ್ಟು ಓಮ್, ದೂರದ ಒಂದು ಗೊತ್ತಾದ ಜಾಗದಲ್ಲಿ ಸಿಗ್ನಲ್ ಎಷ್ಟು. ಈ ಮೂರು ಸಂಖ್ಯೆ ಇದ್ದರೆ ಅರ್ಧ ರೋಗ ಗೊತ್ತಾದ ಹಾಗೆ. ಟ್ರಾನ್ಸ್‌ಮಿಟರಿನ ಪವರ್ ಮೀಟರ್ ಇವುಗಳಲ್ಲಿ ಇಲ್ಲ, ಗಮನಿಸಿ. ಅದು ತನ್ನ ಬಾಗಿಲು ದಾಟಿದ್ದನ್ನು ಮಾತ್ರ ಹೇಳುತ್ತದೆ. ದಾಟಿದ್ದು ಗಾಳಿಗೆ ಹೋಯಿತೋ ಮಣ್ಣಿಗೆ ಹೋಯಿತೋ ಅದಕ್ಕೆ ಗೊತ್ತಿಲ್ಲ.

ಹತ್ತು ಕಿಲೋವ್ಯಾಟ್ ಪವರ್, ಬುಡದ ರೆಸಿಸ್ಟೆನ್ಸ್ 40 ಓಮ್ ಅಂದುಕೊಳ್ಳಿ. ಪವರನ್ನು ರೆಸಿಸ್ಟೆನ್ಸಿನಿಂದ ಭಾಗಿಸಿ ವರ್ಗಮೂಲ ತೆಗೆದರೆ ಕರೆಂಟು 15.8 ಆಂಪಿಯರ್. ಈಗ ನೆಲ ಕೆಟ್ಟು ಹತ್ತು ಓಮ್ ನಷ್ಟ ಸೇರಿಕೊಂಡಿತು, ಒಟ್ಟು 50 ಓಮ್ ಆಯಿತು. ಪವರ್ ಅದೇ ಹತ್ತು ಕಿಲೋವ್ಯಾಟ್. ಕರೆಂಟು 14.1ಕ್ಕೆ ಇಳಿಯುತ್ತದೆ. ದೂರದ ಸಿಗ್ನಲ್ ಈ ಕರೆಂಟಿನ ಜೊತೆಗೇ ಇಳಿಯುತ್ತದೆ, ನೂರಕ್ಕೆ ಸುಮಾರು ಹನ್ನೊಂದು. ಆ ಹತ್ತು ಓಮ್‌ನಲ್ಲಿ ಎರಡು ಕಿಲೋವ್ಯಾಟ್ ಬಿಸಿಯಾಗಿ ಹೋಗುತ್ತಿದೆ. ಎರಡು ಇಸ್ತ್ರಿ ಪೆಟ್ಟಿಗೆಯನ್ನು ಹಗಲೂ ರಾತ್ರಿ ಹೊಲದಲ್ಲಿ ಹೂತಿಟ್ಟ ಹಾಗೆ.

ಇಲ್ಲಿ ಒಂದು ಬಲೆ ಇದೆ. 40 ಇದ್ದದ್ದು 50 ಆದಾಗ ವಾಪಸು ಬರುವ ಪವರ್ ನೂರಕ್ಕೆ ಒಂದಕ್ಕಿಂತ ಚೂರು ಜಾಸ್ತಿ, ಅಷ್ಟೇ. ಮುಳ್ಳು ಸ್ವಲ್ಪ ಅಲುಗುತ್ತದೆ. ಡ್ಯೂಟಿಯಲ್ಲಿ ಇದ್ದವರು ಮಾಸ್ಟಿನ ಪಕ್ಕ ಟ್ರಾನ್ಸ್‌ಮಿಟರನ್ನು ಆಂಟೆನಾಗೆ ಹೊಂದಿಸುವ ಕಾಯಿಲ್, ಕೆಪಾಸಿಟರ್ ಇರುವ ಟ್ಯೂನಿಂಗ್ ಹಟ್ಟಿಗೆ ಹೋಗಿ ಕಾಯಿಲ್ ಒಂದಿಷ್ಟು ತಿರುಗಿಸಿ ಸೊನ್ನೆಗೆ ತಂದು ಬರುತ್ತಾರೆ. ದೋಷ ಮುಚ್ಚಿತು, ವಾಸಿಯಾಗಲಿಲ್ಲ. ಪ್ರತಿ ಬೇಸಿಗೆ ಕಾಯಿಲ್ ತಿರುಗಿಸಬೇಕಾಗಿ ಬರುತ್ತಿದೆ ಅಂದರೆ ಅದೇ ದೊಡ್ಡ ಸುಳಿವು. ತಿರುಗಿಸುವ ಮುಂಚೆ ಮೊದಲಿನ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ತಾರೀಖು ಬರೆಯಿರಿ.

ಅಳತೆಗಳನ್ನು ಹೀಗೆ ಓದಿಕೊಳ್ಳಿ. ರೆಸಿಸ್ಟೆನ್ಸ್ ಏರಿ ಕರೆಂಟು ಇಳಿದಿದ್ದರೆ ಅರ್ಥ್ ಮ್ಯಾಟ್. ಇಂಪೀಡೆನ್ಸ್ ಹಳೆಯದೇ ಇದೆ, ಕರೆಂಟು ಮಾತ್ರ ಕಡಿಮೆ ಅಂದರೆ ಪವರ್ ಬುಡಕ್ಕೆ ಬಂದೇ ಇಲ್ಲ, ಫೀಡರ್‌ನಲ್ಲೋ (ಟ್ರಾನ್ಸ್‌ಮಿಟರಿನಿಂದ ಮಾಸ್ಟಿನ ಕಡೆ ಪವರ್ ಒಯ್ಯುವ ಲೈನು) ಟ್ಯೂನಿಂಗ್ ಹಟ್‌ನಲ್ಲೋ ಬಿಸಿಯಾಗುತ್ತಿದೆ. ರೆಸಿಸ್ಟೆನ್ಸ್ ಹೆಚ್ಚು ಕಡಿಮೆ ಅದೇ, ರಿಯಾಕ್ಟೆನ್ಸ್ ಮಾತ್ರ ಜರುಗಿದೆ ಅಂದರೆ ಮೇಲೆ ನೋಡಿ: ಮಾಸ್ಟು ಬೀಳದಂತೆ ಎಳೆದು ಹಿಡಿದ ಗೈ ತಂತಿಯ ಒಡೆದ ಇನ್ಸುಲೇಟರ್, ಮಾಸ್ಟ್ ದೀಪದ ಕೇಬಲ್ಲು, ಆ ಕೇಬಲ್ಲಿನಲ್ಲಿ ರೇಡಿಯೋ ಕರೆಂಟು ಇಳಿಯದಂತೆ ತಡೆಯುವ ಚೋಕ್ ಕಾಯಿಲ್. ಬೆಳಗಿನ ಇಬ್ಬನಿಯಲ್ಲಿ ಒಂದು ಸಂಖ್ಯೆ, ಮಧ್ಯಾಹ್ನ ಇನ್ನೊಂದು ಅಂದರೆ ಇನ್ಸುಲೇಟರಿನ ಮೇಲ್ಮೈ ಸೋರುತ್ತಿದೆ. ಕರೆಂಟು, ಇಂಪೀಡೆನ್ಸ್ ಎರಡೂ ಸರಿ ಇದ್ದು ದೂರದ ಸಿಗ್ನಲ್ ಮಾತ್ರ ಕಡಿಮೆ ಅಂದರೆ ಅಳತೆಯ ಜಾಗ ಬದಲಾಗಿರಬಹುದು, ದಾರಿಯ ಮಣ್ಣು ಒಣಗಿರಬಹುದು, ಇಲ್ಲವೇ ಆ ಹೈಟೆನ್ಷನ್ ಲೈನು.

ಕರೆಂಟನ್ನು ಮಾಡ್ಯುಲೇಷನ್ ಇಲ್ಲದ ಹೊತ್ತಿನಲ್ಲೇ ಓದಿ. ಪೂರ್ತಿ ಮಾಡ್ಯುಲೇಷನ್‌ನಲ್ಲಿ ಅದು ನೂರಕ್ಕೆ 22ರಷ್ಟು ಏರಿ ಕಾಣುತ್ತದೆ. ಹಾಡಿನ ನಡುವೆ ಓದಿದ ಸಂಖ್ಯೆ ಯಾವ ಕೆಲಸಕ್ಕೂ ಬರಲ್ಲ.

ಎರೆ ನೆಲ

ಈಗ ಆ ಕಥೆ. ಸೈಟಿನ ಸುತ್ತ ತೊಗರಿ ಹೊಲ. ನೆಲ ಅಪ್ಪಟ ಎರೆ. ಹಳೆಯ ಲಾಗ್ ಬುಕ್ಕಿನಲ್ಲಿ 40 ಓಮ್ ಅಂತ ಬರೆದಿತ್ತು. ಆ ಮೇ ತಿಂಗಳಲ್ಲಿ ನಾವು ಅಳೆದಾಗ 51 ಬಂತು. ಬ್ರಿಡ್ಜ್ (ಇಂಪೀಡೆನ್ಸ್ ಅಳೆಯುವ ಉಪಕರಣ) ಕೆಟ್ಟಿದೆ ಅಂತ ಅನುಮಾನ. ಗೊತ್ತಿರುವ ರೆಸಿಸ್ಟರ್ ಹಾಕಿ ನೋಡಿದರೆ ಬ್ರಿಡ್ಜ್ ಸರಿ ಇದೆ. ಜುಲೈಯಲ್ಲಿ ಮಳೆ ಹಿಡಿದ ಮೇಲೆ ಅಳೆದರೆ 44. "ಬೇಸಿಗೆಗೆ ಹಾಗೇ ಆಗತದ" ಅಂತ ಎಲ್ಲರೂ ಸುಮ್ಮನಾದೆವು. ಮುಂದಿನ ಬೇಸಿಗೆ ಮತ್ತೆ ಏರಿತು.

ಎರೆ ಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ, ಕೆಲವು ಬಿರುಕಿನಲ್ಲಿ ಕೈ ಮೊಣಕೈವರೆಗೆ ಇಳಿಯುತ್ತದೆ. ರೇಡಿಯೋ ಮಟ್ಟಿಗೆ ಎರೆ ಒಳ್ಳೆಯ ನೆಲ, ಹಸಿ ಇದ್ದಾಗ ಚೆನ್ನಾಗಿ ವಹಿಸುತ್ತದೆ. ಆದರೆ ಅದರಲ್ಲಿ ಒಂದು ಗೇಣು ಆಳಕ್ಕೆ ಬಿಗಿಯಾಗಿ ಹೂತ ತಾಮ್ರದ ತಂತಿಯ ಪಾಡು ನೆನೆಸಿಕೊಳ್ಳಿ. ಮಣ್ಣಿನ ದೊಡ್ಡ ದೊಡ್ಡ ಹೆಂಟೆಗಳು ಅದನ್ನು ಎರಡೂ ಕಡೆಯಿಂದ ಹಿಡಿದು ಎಳೆಯುತ್ತವೆ. ವರ್ಷಕ್ಕೊಂದು ಸಲ ಎಳೆತ, ವರ್ಷಕ್ಕೊಂದು ಸಲ ಸಡಿಲ. ಒಂದು ದಿನ ಜಾಯಿಂಟ್ ಬಿಡುತ್ತದೆ.

ನಮ್ಮ ಸೈಟಿನಲ್ಲಿ ಕಾವಲಿಗೆ ಒಬ್ಬ ಹಿರಿಯರಿದ್ದರು, ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಒಂದು ದಿನ ಅವರೇ ಕರೆದರು. "ಇಲ್ಲಿ ಬರ್ರಿ ಸಾಹೇಬ್ರ. ಬಿರುಕಿನ್ಯಾಗ ತಂತಿ ಕಾಣ್ಲತ್ತದ ನೋಡ್ರಿ. ಹರದದ." ಬಗ್ಗಿ ನೋಡಿದೆ. ಬಿರುಕಿನ ಒಂದು ದಂಡೆಯಲ್ಲಿ ಹಸಿರು ಹಿಡಿದ ತಂತಿಯ ತುದಿ, ಎದುರು ದಂಡೆಯಲ್ಲಿ ಇನ್ನೊಂದು ತುದಿ. ನಡುವೆ ನಾಲ್ಕು ಬೆರಳು ಗಾಳಿ. ಮಳೆ ಬಂದಾಗ ಬಿರುಕು ಮುಚ್ಚಿ ಎರಡೂ ತುದಿ ಹಸಿ ಮಣ್ಣಿನಲ್ಲಿ ಕೂತುಬಿಡುತ್ತಿದ್ದವು. ಅದಕ್ಕೇ ಜುಲೈಯಲ್ಲಿ ಸಂಖ್ಯೆ ಸುಧಾರಿಸುತ್ತಿತ್ತು. ಮಳೆ ದೋಷವನ್ನು ಮುಚ್ಚಿಡುತ್ತಿತ್ತು.

ಒಂದು ತಂತಿ ಸಿಕ್ಕಿತು. 120ರಲ್ಲಿ ಇನ್ನೆಷ್ಟು ಹೋಗಿವೆ? ಎಲ್ಲಾ ಅಗೆದು ನೋಡಲು ಆಗಲ್ಲ. ನಾವು ಮಾಡಿದ್ದು ಇಷ್ಟು. ಟ್ರಾನ್ಸ್‌ಮಿಟರ್ ಬಂದ್, ಫೀಡರ್ ಬಿಚ್ಚಿಟ್ಟೆವು. ಮಾಸ್ಟಿಗೂ ಅರ್ಥ್ ಮ್ಯಾಟಿಗೂ ನಡುವೆ ಒಂದು ಸಿಗ್ನಲ್ ಜನರೇಟರ್ ಜೋಡಿಸಿ, ಅದೇ ಫ್ರೀಕ್ವೆನ್ಸಿಯಲ್ಲಿ ಒಂದು ಟೋನ್ ಬಿಟ್ಟೆವು. ಕೈಯಲ್ಲಿ ಒಂದು ಪಾಕೆಟ್ ರೇಡಿಯೋ. ಅದರೊಳಗೆ ಆಂಟೆನಾ ಆಗಿರುವ ಫೆರೈಟ್ ರಾಡ್ ನೆಟ್ಟಗೆ ನಿಲ್ಲುವ ಹಾಗೆ ಸೆಟ್ಟನ್ನು ತಿರುಗಿಸಿ, ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದು, ಮಾಸ್ಟಿನ ಸುತ್ತ ವೃತ್ತದಲ್ಲಿ ನಡೆದೆವು. ರಾಡ್ ನೆಟ್ಟಗಿದ್ದರೆ ಮಾಸ್ಟಿನ ನೇರ ಸಿಗ್ನಲ್ ಅದಕ್ಕೆ ಹತ್ತುವುದಿಲ್ಲ, ನೆಲದಲ್ಲಿನ ತಂತಿಯ ಸಿಗ್ನಲ್ ಹತ್ತುತ್ತದೆ. ತಂತಿಯ ಈಚೆ ಟೋನ್ ಜೋರು, ಸರಿಯಾಗಿ ನೆತ್ತಿಯ ಮೇಲೆ ಬಂದಾಗ ಕುಗ್ಗುತ್ತದೆ, ದಾಟಿದ ಕೂಡಲೇ ಮತ್ತೆ ಜೋರು. ಕೂಂಯ್, ಮೌನ, ಕೂಂಯ್. ಜನರೇಟರ್ ಮಟ್ಟ ತೀರಾ ಕಡಿಮೆ ಇಡಿ, ಇಲ್ಲಾಂದ್ರೆ ಸೆಟ್ಟಿನ ಆಟೋಮ್ಯಾಟಿಕ್ ವಾಲ್ಯೂಮು ಏರಿಳಿತವನ್ನೆಲ್ಲ ಸಮ ಮಾಡಿಬಿಡುತ್ತದೆ.

ಮೊದಲ ಸುತ್ತು ಬುಡದಿಂದ ಹತ್ತು ಮೀಟರ್ ದೂರದಲ್ಲಿ. ಅಲ್ಲಿ ತಂತಿಗಳ ನಡುವೆ ಅರ್ಧ ಮೀಟರಿಗಿಂತ ಚೂರು ಜಾಸ್ತಿ ಅಂತರ. ಬಹುತೇಕ ಎಲ್ಲಾ ತಂತಿ ಮಾತಾಡಿದವು. ಎರಡನೇ ಸುತ್ತು ಮೂವತ್ತು ಮೀಟರ್ ದೂರದಲ್ಲಿ, ಅಲ್ಲಿ ಅಂತರ ಸುಮಾರು 1.6 ಮೀಟರ್. ದಕ್ಷಿಣ ದಿಕ್ಕಿಗೆ ಬರುತ್ತಿದ್ದ ಹಾಗೆ ಸೆಟ್ಟು ಸುಮ್ಮನಾಯಿತು. ಒಂದು, ಎರಡು, ಮೂರು... ಸಾಲಾಗಿ ಹನ್ನೊಂದು ತಂತಿ ಮೌನ. ಕಾಕಾ ನನ್ನ ಹಿಂದೆಯೇ ಬರುತ್ತಾ ಮೌನದ ಜಾಗಕ್ಕೆಲ್ಲ ಒಂದೊಂದು ಫರ್ಸಿ ಕಲ್ಲಿನ ಚೂರು ಇಟ್ಟರು. ಉಳಿದ ದಿಕ್ಕುಗಳಲ್ಲೂ ಅಲ್ಲೊಂದು ಇಲ್ಲೊಂದು ಸಿಕ್ಕವು. ಒಂದೇ ಸುತ್ತಿಗೆ ತೃಪ್ತಿ ಪಡಬೇಡಿ. ಬುಡದಲ್ಲಿ ಸದ್ದು ಮಾಡುವ ತಂತಿ ಮುಂದೆ ಹರಿದಿರಬಹುದು.

ರಿಪೇರಿ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಮೆತ್ತನೆ ಸೋಲ್ಡರ್ ಬೇಡ. ಮಣ್ಣಿನಲ್ಲಿ ಅದು ಕೆಲವೇ ವರ್ಷದಲ್ಲಿ ಪುಡಿಯಾಗುತ್ತದೆ. ಬ್ರೇಜಿಂಗ್ ಮಾಡಿ, ಅಂದರೆ ಹಿತ್ತಾಳೆಯಂಥ ಗಟ್ಟಿ ಲೋಹ ಕರಗಿಸಿ ಬೆಸೆಯಿರಿ. ತಂತಿಯನ್ನು ಬಿಗಿಯಾಗಿ ಎಳೆದು ಜೋಡಿಸಬೇಡಿ. ಎರೆ ನೆಲದಲ್ಲಿ ಜಾಯಿಂಟಿನ ಹತ್ತಿರ ಹಾವಿನ ನಡೆಯ ಹಾಗೆ ಒಂದು ಸಡಿಲ ಬಾಗು ಬಿಡಿ. ಮಣ್ಣು ಎಳೆದಾಗ ಬಾಗು ನೆಟ್ಟಗಾಗಲಿ, ತಂತಿ ಹರಿಯದಿರಲಿ. ಬುಡದ ತಾಮ್ರದ ಪಟ್ಟಿಗೆ ಸೇರುವ ಕಡೆಯೂ ಇದೇ ನಿಯಮ. ಕೆಲವರು ಉಪ್ಪು ಸುರಿಯಿರಿ ಅನ್ನುತ್ತಾರೆ. ದಯವಿಟ್ಟು ಮಾಡಬೇಡಿ. ಒಂದು ಬೇಸಿಗೆ ಸಂಖ್ಯೆ ಚೆನ್ನಾಗಿ ಕಾಣುತ್ತದೆ, ಆಮೇಲೆ ಉಪ್ಪು ತಾಮ್ರವನ್ನೇ ತಿನ್ನುತ್ತದೆ. ಬುಡಕ್ಕೆ ಟ್ಯಾಂಕರ್ ನೀರು ಬಿಡುವುದೂ ಅಷ್ಟೇ. 1000 ಕಿಲೋಹರ್ಟ್ಜ್‌ನಲ್ಲಿ ಒಳ್ಳೆಯ ಮಣ್ಣಿನೊಳಕ್ಕೆ ಕರೆಂಟು ಸುಮಾರು ಐದು ಮೀಟರ್ ಆಳದವರೆಗೆ ಹರಡಿರುತ್ತದೆ, ಸುತ್ತ ನೂರು ಮೀಟರಿನಷ್ಟು. ಎಷ್ಟು ಟ್ಯಾಂಕರ್ ಬಿಡ್ತೀರಿ?

ನೆಲ ಬದಲಾದರೆ ದೋಷವೂ ಬದಲು. ಬೀದರ್ ಕಡೆ ಜಂಬಿಟ್ಟಿಗೆ ಕಲ್ಲಿನ ಕೆಂಪು ನೆಲ. ಅದು ಎರೆಯ ಹಾಗೆ ಬಿರಿಯುವುದಿಲ್ಲ, ನೀರೂ ನಿಲ್ಲಿಸಿಕೊಳ್ಳುವುದಿಲ್ಲ. ತಂತಿ ಹರಿಯುವುದು ಕಡಿಮೆ, ಆದರೆ ಮೊದಲ ದಿನದಿಂದಲೇ ನಷ್ಟ ಜಾಸ್ತಿ. ಅಲ್ಲಿ ತಂತಿಗಳ ಸಂಖ್ಯೆಯಲ್ಲಿ, ಉದ್ದದಲ್ಲಿ ಜಿಪುಣತನ ಮಾಡಬಾರದು. ಯಾದಗಿರಿಯ ಬಂಡೆ ನೆಲದಲ್ಲಿ ತಂತಿ ಹೂಳಲು ಜಾಗವೇ ಸಿಗದೆ ಮೇಲೆ ಮೇಲೆ ಕೂತಿರುತ್ತದೆ. ಅಂಥ ಕಡೆ ದನದ ಕಾಲು, ಟ್ರ್ಯಾಕ್ಟರ್ ಗಾಲಿ, ಕಳ್ಳರು ಮೂರೂ ಶತ್ರು. ತಾಮ್ರದ ಕಳವನ್ನು ಹುಡುಕುವುದು ಸುಲಭ: ಹೊಸದಾಗಿ ಕೆದಕಿದ ಮಣ್ಣು ನೇರ ಗೆರೆಯಲ್ಲಿ ಬುಡದ ಕಡೆ ಹೋಗಿರುತ್ತದೆ. ಶಹಾಪುರ, ಸುರಪುರದ ಕಾಲುವೆ ಕೆಳಗಿನ ಗದ್ದೆಗಳಲ್ಲಿ ನೀರು ನಿಂತಾಗ ಆ ದಾರಿಯಲ್ಲಿ ಸಿಗ್ನಲ್ ಸವೆಯುವುದು ಕಡಿಮೆ. ಅಲ್ಲಿನ ಕೇಳುಗರು "ಈಗ ಛಂದ ಕೇಳತದ್ರಿ" ಅಂದರೆ ನಿಮ್ಮ ಆಂಟೆನಾ ಸುಧಾರಿಸಿತು ಅಂದುಕೊಳ್ಳಬೇಡಿ.

ಧೂಳು, ಹಲ್ಲಿ, ಗುಡುಗು

ಸೇಡಂ, ವಾಡಿ ಕಡೆಯ ಸುಣ್ಣಕಲ್ಲಿನ ಧೂಳು, ಸಿಮೆಂಟ್ ಧೂಳು ಇನ್ಸುಲೇಟರ್ ಮೇಲೆ ಕೂತು, ಇಬ್ಬನಿ ಬಿದ್ದು, ಬಿಸಿಲಿಗೆ ಗಟ್ಟಿಯಾಗುತ್ತದೆ. ಪದರದ ಮೇಲೆ ಪದರ. ಚಳಿಗಾಲದ ಬೆಳಗ್ಗೆ ಪ್ರಸಾರ ಶುರುವಾದಾಗ ಎರಡು ಮೂರು ಸಲ ಟ್ರಿಪ್ ಆಗಿ, ಹತ್ತು ಗಂಟೆ ಹೊತ್ತಿಗೆ ತಾನೇ ಸರಿಯಾಗುವ ದೋಷ ಇದೇ. ಒಣ ಬಟ್ಟೆಯಿಂದ ಹೋಗದಿದ್ದರೆ ಒದ್ದೆ ಬಟ್ಟೆ, ಆಮೇಲೆ ಪೂರ್ತಿ ಒಣಗಿಸಿ. ಕೆರೆಯಬೇಡಿ. ಪಿಂಗಾಣಿಯ ನುಣುಪು ಹೋದರೆ ಧೂಳು ಇನ್ನೂ ಬೇಗ ಹಿಡಿಯುತ್ತದೆ. ಕಪ್ಪು ಗೆರೆ ಎಳೆದಂತೆ ಸುಟ್ಟ ಜಾಡು ಕಂಡರೆ ಕನ್ನಡಿ ಹಿಡಿದು ಹಿಂಬದಿಯನ್ನೂ ನೋಡಿ.

ಸ್ಪಾರ್ಕ್ ಗ್ಯಾಪಿನ ಗುಂಡುಗಳ ನಡುವೆ ಹಲ್ಲಿ, ಜೇಡರ ಬಲೆ, ಒಣ ಹುಲ್ಲು ಸಿಕ್ಕರೆ ದನಿಯ ಜೋರು ಭಾಗದಲ್ಲಿ ಮಾತ್ರ ಕಿಡಿ ಹಾರುತ್ತದೆ. ಸುದ್ದಿ ಓದುವಾಗ ಏನೂ ಇಲ್ಲ, ಡೊಳ್ಳು ಬಂದ ಕೂಡಲೇ ಟ್ರಿಪ್. ಮಾಡ್ಯುಲೇಷನ್ ತುದಿಯಲ್ಲಿ ಪವರ್ ಕ್ಯಾರಿಯರ್‌ನ ನಾಲ್ಕು ಪಟ್ಟು ಆಗುವುದರಿಂದ ಹೀಗೆ. ಗ್ಯಾಪ್ ದೊಡ್ಡದು ಮಾಡಿ ಟ್ರಿಪ್ ನಿಲ್ಲಿಸುವ ಆಸೆ ಬರುತ್ತದೆ. ಬೇಡ. ಆ ಗ್ಯಾಪ್ ಇರುವುದೇ ಸಿಡಿಲಿಗೆ ಮೊದಲು ತಾನು ಒಡ್ಡಿಕೊಳ್ಳಲು. ಗುಂಡುಗಳನ್ನು ಒರೆಸಿ, ಕುಳಿ ಬಿದ್ದಿದ್ದರೆ ತಿರುಗಿಸಿ ನುಣುಪು ಭಾಗ ಎದುರು ಬರುವಂತೆ ಮಾಡಿ, ಅಂತರ ಹಳೆಯದನ್ನೇ ಇಡಿ.

ರೋಹಿಣಿ ಮಳೆಗೆ ಮುಂಚಿನ ಒಣ ಗುಡುಗಿನ ದಿನಗಳಲ್ಲಿ, ದೂರದಲ್ಲಿ ಮಿಂಚಿದರೂ ಟ್ರಿಪ್ ಆಗುತ್ತಿದೆಯಾ? ಮಾಸ್ಟಿನಿಂದ ನೆಲಕ್ಕೆ ಇರುವ ಸ್ಟ್ಯಾಟಿಕ್ ಚೋಕ್ ನೋಡಿ. ಮಾಸ್ಟಿನ ಮೇಲೆ ಕೂಡುವ ಚಾರ್ಜನ್ನು ಸದ್ದಿಲ್ಲದೆ ಇಳಿಸುವುದು ಅದರ ಕೆಲಸ. ಹಳೆಯ ಸಿಡಿಲಿಗೆ ಅದು ಒಳಗೇ ತುಂಡಾಗಿದ್ದರೆ ಚಾರ್ಜು ಗ್ಯಾಪ್ ಮೂಲಕವೇ ಹಾರುತ್ತದೆ. ಸಾಮಾನ್ಯ ಮೀಟರಿನಲ್ಲಿ ಓಮ್ ನೋಡಿದರೆ ಸಾಕು. ಐದು ನಿಮಿಷದ ಕೆಲಸ.

ಟ್ಯೂನಿಂಗ್ ಹಟ್ಟಿನಲ್ಲಿ ಕಣ್ಣಿಗಿಂತ ಕೈ, ಮೂಗು ಮುಖ್ಯ. ಮಾಮೂಲು ಪವರಿನಲ್ಲಿ ಒಂದು ಗಂಟೆ ಓಡಿಸಿ, ಬಂದ್ ಮಾಡಿ, ಅರ್ಥ್ ಮಾಡಿ, ಕೂಡಲೇ ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದು ಪ್ರತಿ ಕ್ಲಿಪ್ಪು, ಪ್ರತಿ ಬೋಲ್ಟು ನೋಡಿ. ಈ ಫ್ರೀಕ್ವೆನ್ಸಿಯಲ್ಲಿ ಕರೆಂಟು ತಾಮ್ರದ ಮೇಲ್ಮೈಯಲ್ಲಿ ಮಾತ್ರ, ಮಿಲಿಮೀಟರಿನ ಹದಿನೈದನೇ ಒಂದು ಭಾಗದಷ್ಟು ದಪ್ಪದಲ್ಲಿ ಹರಿಯುತ್ತದೆ. ಮೇಲ್ಮೈ ಕಪ್ಪಾದರೆ, ಬೋಲ್ಟು ಸಡಿಲಾದರೆ ಅಲ್ಲೇ ಬಿಸಿ. 44 ಡಿಗ್ರಿ ಬೇಸಿಗೆ, ತಗಡಿನ ಸೂರು, ಒಳಗೆ ಹರಿಯುವ ಕರೆಂಟು ಮೂರೂ ಸೇರಿ ಬೋಲ್ಟು ಹಿಗ್ಗಿ ಕುಗ್ಗಿ ಸಡಿಲಾಗುತ್ತವೆ. ಒಂದೇ ಥರದ ಎರಡು ಕೆಪಾಸಿಟರ್‌ಗಳಲ್ಲಿ ಒಂದು ಬಿಸಿ, ಒಂದು ತಣ್ಣಗೆ ಇದ್ದರೆ ಬಿಸಿಯಾದದ್ದೇ ತಪ್ಪಿತಸ್ಥ ಅಂತ ತೀರ್ಮಾನ ಮಾಡಬೇಡಿ. ತಣ್ಣಗಿರುವುದು ಕೆಲಸವನ್ನೇ ಬಿಟ್ಟಿರಬಹುದು.

ದನಿ ಜೋರಾಗಿದೆ ಆದರೆ ಕಂಬಳಿ ಹೊದ್ದು ಮಾತಾಡಿದ ಹಾಗಿದೆ ಅಂದರೆ ಬ್ಯಾಂಡ್‌ವಿಡ್ತ್ (ಆಂಟೆನಾ ಸರಾಗವಾಗಿ ಬಿಡುವ ಫ್ರೀಕ್ವೆನ್ಸಿಗಳ ಹರವು) ನೋಡಿ. ಕ್ಯಾರಿಯರ್‌ನಿಂದ ಆಚೆ ಈಚೆ ಐದು ಕಿಲೋಹರ್ಟ್ಜ್‌ನಲ್ಲೂ ಇಂಪೀಡೆನ್ಸ್ ಅಳೆಯಿರಿ. ಗಿಡ್ಡ ಮಾಸ್ಟುಗಳಲ್ಲಿ ಈ ತೊಂದರೆ ಸಹಜ. ಎರಡು ಬದಿ ಸಮ ಇಲ್ಲದಿದ್ದರೆ ಟ್ಯೂನಿಂಗ್ ಜಾಲ ಮತ್ತೆ ಕೂರಿಸಬೇಕು.

ದೂರದ ಅಳತೆ

ಕೊನೆಯ ಪರೀಕ್ಷೆ ಯಾವಾಗಲೂ ಬಯಲಿನಲ್ಲಿ. ಆಳಂದ, ಜೇವರ್ಗಿ, ಚಿತ್ತಾಪುರ, ಅಫಜಲಪುರ ದಾರಿಗಳಲ್ಲಿ ಒಂದೊಂದು ಜಾಗ ಗೊತ್ತು ಮಾಡಿ. ತಂತಿ, ಕಂಬ, ತಗಡಿನ ಶೆಡ್ ಹತ್ತಿರ ಇರಬಾರದು. ಕಲ್ಲಿಗೆ ಬಣ್ಣ ಹಚ್ಚಿ ಗುರುತಿಡಿ. ಅದೇ ಮೀಟರ್, ಅದೇ ಎತ್ತರ, ಮಧ್ಯಾಹ್ನದ ಹೊತ್ತು. ಒಂದು ಕಿಲೋವ್ಯಾಟ್‌ಗೆ ಕಾಲು ತರಂಗದ ಮಾಸ್ಟು ಪರಿಪೂರ್ಣ ನೆಲದ ಮೇಲೆ ಒಂದು ಕಿಲೋಮೀಟರ್ ದೂರದಲ್ಲಿ ಮೀಟರಿಗೆ ಸುಮಾರು 313 ಮಿಲಿವೋಲ್ಟ್ ಕೊಡುತ್ತದೆ. ನಿಮ್ಮದು ಅಷ್ಟು ಬರಲ್ಲ, ಬರಬೇಕಾಗಿಯೂ ಇಲ್ಲ. ನಿಮ್ಮ ಹೋದ ವರ್ಷದ ಸಂಖ್ಯೆಯ ಜೊತೆ ಹೋಲಿಸಿ.

ಒಂದು ಮಾತು ನಿಜವಾಗಿ ಹೇಳಬೇಕು. ನೂರಕ್ಕೆ ಹನ್ನೊಂದು ಸಿಗ್ನಲ್ ಕಡಿಮೆಯಾದರೆ ಕಲಬುರಗಿ ಪೇಟೆಯಲ್ಲಿ ಕೂತವರ ಕಿವಿಗೆ ಗೊತ್ತೇ ಆಗಲ್ಲ. ಗೊತ್ತಾಗುವುದು ಪ್ರಸಾರದ ಅಂಚಿನಲ್ಲಿ ಇರುವವರಿಗೆ, ಬೇಸಿಗೆಯ ಗುಡುಗಿನ ಕರಕರ ನಡುವೆ ಕೃಷಿ ಕಾರ್ಯಕ್ರಮ ಕೇಳಲು ಕೂತವರಿಗೆ. ದಾರಿಯ ಒಣ ನೆಲ ಒಂದಿಷ್ಟು ತಿಂದಿರುತ್ತದೆ, ಗುಡುಗು ಒಂದಿಷ್ಟು ತಿಂದಿರುತ್ತದೆ, ಅದರ ಮೇಲೆ ನಮ್ಮ ಹರಿದ ತಂತಿ. ಮೊದಲ ಎರಡು ನಮ್ಮ ಕೈಯಲ್ಲಿಲ್ಲ. ಮೂರನೆಯದು ಇದೆ.

ನಾವು ಆ ಸೈಟಿನ ತಂತಿಗಳನ್ನೆಲ್ಲ ಜೋಡಿಸಿ ಮುಗಿಸುವ ಹೊತ್ತಿಗೆ ಮಿರಗದ ಮಳೆ ಬಂದೇಬಿಟ್ಟಿತು. ಅಳೆದರೆ 41. ಹುಡುಗರು ಖುಷಿಪಟ್ಟರು. ನಾನು ಲಾಗ್ ಬುಕ್ಕಿನಲ್ಲಿ ಸಂಖ್ಯೆ ಬರೆದು ಪಕ್ಕದಲ್ಲಿ "ಹಸಿ ನೆಲ" ಅಂತ ಸೇರಿಸಿದೆ, ರಿಪೇರಿ ಸರಿಯಾಯಿತು ಅಂತ ಬರೆಯಲಿಲ್ಲ. ಅದನ್ನು ಬರೆದಿದ್ದು ಹನ್ನೊಂದು ತಿಂಗಳ ಮೇಲೆ, ಮೇ ಮೂರನೇ ವಾರ, ಮಧ್ಯಾಹ್ನ ಎರಡು ಗಂಟೆಗೆ. ನೆಲ ಬಾಯಿ ಬಿಟ್ಟಿತ್ತು. ಬಿರುಕಿನೊಳಗೆ ಬ್ರೇಜಿಂಗ್ ಮಾಡಿದ ಬಾಗು ಅರ್ಧ ನೆಟ್ಟಗಾಗಿ ನಿಂತಿದ್ದು ಕಾಣುತ್ತಿತ್ತು. ಕಾಕಾ ಛತ್ರಿ ಹಿಡಿದರು, ನಾನು ಬ್ರಿಡ್ಜ್ ಕೂರಿಸಿದೆ. 43 ಓಮ್.